ಹೆಂಚಿನ ಚಾವಣಿಯೂ ತಗಡಿನ ಅಂಚೂ

ಕುಣಿಗಲ್ ಸೀಮೆಯ ಹಳೆಯ ಮನೆಗಳ ಮೇಲೆ ನಾವು ಕಾಣುವ ಮಂಗಳೂರು ಹೆಂಚಿಗೆ ಒಂದು ಚರಿತ್ರೆಯುಂಟು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಅದರ ಕಾರ್ಖಾನೆಯನ್ನು ಆರಂಭಿಸಿದರು. ಪ್ರೊಟೆಸ್ಟೆಂಟ್ ಬಂಧುಗಳು ರೂಪಿಸಿದ ಆ ಹೆಂಚೇ ಕಾಲಕ್ರಮದಲ್ಲಿ ನಮ್ಮ ಕಥೋಲಿಕ ದೇವಾಲಯಗಳಿಗೂ ನೆರಳಾಯಿತು.

ಹೆಂಚುಗಳು ಒಂದನ್ನೊಂದು ಕಚ್ಚಿಕೊಳ್ಳುವುದರಿಂದ ಮಳೆನೀರು ಒಳಗಿಳಿಯದು. ಆದರೆ ಚಾವಣಿಯು ಗಂಟೆಗೋಪುರದ ಗೋಡೆಯನ್ನು ಸಂಧಿಸುವಲ್ಲಿ ಈ ಹಿಡಿತವಿಲ್ಲ. ಅಲ್ಲಿ ಬರಿಯ ಗಾರೆ ಮೆತ್ತಿದರೆ, ಮರದ ತೊಲೆಗಳು ಹಿಗ್ಗಿ ಕುಗ್ಗಿದಂತೆ ಅದು ಬಿರುಕು ಬಿಡುತ್ತದೆ. ಆದುದರಿಂದ ಸತುವು ಲೇಪಿಸಿದ ತಗಡಿನ ಮೇಲಂಚನ್ನು ಗೋಡೆಯೊಳಗೆ ಸೇರಿಸಿ, ಕೆಳಗಿನಂಚನ್ನು ಹೆಂಚಿನ ಮೇಲೆ ಇಳಿಬಿಡಬೇಕು. ಎರಡು ಇಳಿಜಾರುಗಳು ಕೂಡುವ ಮೂಲೆಯಲ್ಲಿ ಹೆಂಚಿನಡಿ ತಗಡಿನ ದೋಣಿಯಿರಬೇಕು.

ಸೋರುತ್ತದೆಂದು ಹಿರಿಯರು ಕಟ್ಟಿದ ಚಾವಣಿಯನ್ನೇ ಕೆಡವಲು ಹೊರಡುವ ಮುನ್ನ, ನಾವು ಈ ಸಂದುಗಳನ್ನು ಪರೀಕ್ಷಿಸೋಣ. ಅನೇಕ ವೇಳೆ ದೋಷವಿರುವುದು ಹೆಂಚಿನಲ್ಲಲ್ಲ, ತುಕ್ಕು ಹಿಡಿದ ಗೇಣಗಲದ ತಗಡಿನಲ್ಲಿ.