ಕಿವಿ ಸೋರುವಿಕೆ: ರೋಗದ ಸ್ವರೂಪ, ಚಿಕಿತ್ಸೆ ಮತ್ತು ಸಂಶೋಧನೆಯ ಬಗ್ಗೆ ಸಾರ್ವಜನಿಕ ತಿಳಿವಳಿಕೆ

ಪೀಠಿಕೆ

ಕಿವಿ, ಮೂಗು ಮತ್ತು ಗಂಟಲಿನ ರೋಗಗಳಲ್ಲಿ ಗ್ರಾಮೀಣ ಪ್ರದೇಶದ ಮಕ್ಕಳನ್ನು ಹೆಚ್ಚಾಗಿ ಬಾಧಿಸುವ, ಆದರೆ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವ ರೋಗವೆಂದರೆ ಕಿವಿ ಸೋರುವಿಕೆ. ನೋವು ಇಲ್ಲದಿರುವ ಕಾರಣದಿಂದ ಪಾಲಕರು ಇದನ್ನು ರೋಗವೆಂದು ಪರಿಗಣಿಸುವುದಿಲ್ಲ. "ದೊಡ್ಡವನಾದ ಮೇಲೆ ತಾನಾಗಿಯೇ ನಿಲ್ಲುತ್ತದೆ" ಎಂಬ ನಂಬಿಕೆಯೂ ರೂಢಿಯಲ್ಲಿದೆ. ಈ ಅವಧಿಯಲ್ಲಿ ಮಗುವಿನ ಶ್ರವಣ ಶಕ್ತಿ ಕ್ರಮೇಣ ಕುಂದುತ್ತದೆ. ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಕೊಕಟನೂರ ಹಾಗೂ ಸುತ್ತಲಿನ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಮತ್ತು ನಿಪ್ಪಾಣಿ ಭಾಗದ ಸಾರ್ವಜನಿಕರಿಗೆ ಈ ರೋಗದ ಸ್ವರೂಪ, ಲಭ್ಯವಿರುವ ಚಿಕಿತ್ಸೆ ಹಾಗೂ ಆ ಚಿಕಿತ್ಸೆಗೆ ಆಧಾರವಾದ ಸಂಶೋಧನೆಗಳ ಬಗ್ಗೆ ಮಾಹಿತಿ ನೀಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಸಮಸ್ಯೆಯ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿಯಷ್ಟು ಜನರು ಕಿವಿ ಸೋರುವಿಕೆಯಿಂದ ಬಳಲುತ್ತಿದ್ದು, ಅವರಲ್ಲಿ ಶೇಕಡಾ 60ರಷ್ಟು ಜನರಿಗೆ ಗಣನೀಯ ಶ್ರವಣ ದೋಷ ಉಂಟಾಗಿರುತ್ತದೆ. ಯಾವುದೇ ಜನಸಮುದಾಯದಲ್ಲಿ ಈ ರೋಗವು ಶೇಕಡಾ 4ಕ್ಕಿಂತ ಹೆಚ್ಚಿದ್ದಲ್ಲಿ ಅದನ್ನು ತುರ್ತು ಗಮನ ಅಗತ್ಯವಿರುವ ಸಾರ್ವಜನಿಕ ಆರೋಗ್ಯ ಸಮಸ್ಯೆಯೆಂದು ಪರಿಗಣಿಸಬೇಕೆಂದು ಅದೇ ವರದಿಯು ತಿಳಿಸುತ್ತದೆ. 2021ರಲ್ಲಿ ಪ್ರಕಟವಾದ ವಿಶ್ವ ಶ್ರವಣ ವರದಿಯಂತೆ ಚಿಕಿತ್ಸೆ ಅಥವಾ ಪುನರ್ವಸತಿ ಅಗತ್ಯವಿರುವಷ್ಟು ಶ್ರವಣ ದೋಷ ಹೊಂದಿರುವವರ ಸಂಖ್ಯೆ 43 ಕೋಟಿ. ಇದರಲ್ಲಿ ಹೆಚ್ಚಿನ ಭಾಗ ಹುಟ್ಟಿನಿಂದ ಬಂದದ್ದಾಗಲಿ, ವಯಸ್ಸಿನಿಂದ ಬಂದದ್ದಾಗಲಿ ಆಗಿದ್ದರೂ, ಕಿವಿ ಸೋರುವಿಕೆಯಿಂದ ಬರುವ ಕಿವುಡುತನವನ್ನು ಸಕಾಲಿಕ ಚಿಕಿತ್ಸೆಯಿಂದ ಬಹುಮಟ್ಟಿಗೆ ತಡೆಗಟ್ಟಬಹುದಾಗಿದೆ.

ರೋಗವು ಹೇಗೆ ಉಂಟಾಗುತ್ತದೆ?

ಕಿವಿಯಲ್ಲಿ ಹೊರಕಿವಿ, ನಡುಕಿವಿ ಮತ್ತು ಒಳಕಿವಿ ಎಂಬ ಮೂರು ಭಾಗಗಳಿವೆ. ಹೊರಕಿವಿ ಮತ್ತು ನಡುಕಿವಿಯ ನಡುವೆ ಕಿವಿತಮಟೆ ಎಂಬ ತೆಳುವಾದ ಪೊರೆ ಇರುತ್ತದೆ. ನಡುಕಿವಿಯಲ್ಲಿರುವ ಮೂರು ಚಿಕ್ಕ ಮೂಳೆಗಳು ಶಬ್ದದ ಕಂಪನವನ್ನು ಒಳಕಿವಿಗೆ ತಲುಪಿಸುತ್ತವೆ. ನಡುಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳವಿದ್ದು, ಮಕ್ಕಳಲ್ಲಿ ಈ ನಾಳವು ಗಿಡ್ಡದಾಗಿಯೂ ಹೆಚ್ಚು ಸಮತಲವಾಗಿಯೂ ಇರುತ್ತದೆ. ಆದ್ದರಿಂದ ನೆಗಡಿ, ಗಂಟಲು ನೋವು ಅಥವಾ ಮೂಗಿನ ಹಿಂಭಾಗದ ಅಡಿನಾಯ್ಡ್ ಬೆಳವಣಿಗೆ ಇದ್ದಾಗ ರೋಗಾಣುಗಳು ಸುಲಭವಾಗಿ ನಡುಕಿವಿಗೆ ಸೇರುತ್ತವೆ. ಅಲ್ಲಿ ಕೀವು ತುಂಬಿ, ಒತ್ತಡದಿಂದ ತಮಟೆ ತೂತಾಗಿ ಹೊರಬರುತ್ತದೆ. ಆಗ ನೋವು ಕಡಿಮೆಯಾಗುವುದರಿಂದ ರೋಗ ವಾಸಿಯಾಯಿತೆಂದು ತಪ್ಪಾಗಿ ತಿಳಿಯಲಾಗುತ್ತದೆ.

ಸೋರುವಿಕೆಯು ಎರಡು ವಾರಗಳಿಗೂ ಮೀರಿ ಮುಂದುವರಿದಲ್ಲಿ ಅದನ್ನು ದೀರ್ಘಕಾಲೀನ ರೋಗವೆಂದು ಪರಿಗಣಿಸಬೇಕು. ಇದರಲ್ಲಿ ಎರಡು ಬಗೆಗಳಿವೆ.

1. ಸುರಕ್ಷಿತ ಬಗೆ: ತಮಟೆಯ ಮಧ್ಯಭಾಗದಲ್ಲಿ ತೂತು ಇದ್ದು, ನೆಗಡಿಯಾದಾಗ ಅಥವಾ ಕಿವಿಗೆ ನೀರು ಹೋದಾಗ ಲೋಳೆಯಂತಹ ಸ್ರಾವ ಬರುತ್ತದೆ. ಸಾಮಾನ್ಯವಾಗಿ ದುರ್ವಾಸನೆ ಇರುವುದಿಲ್ಲ.

2. ಅಪಾಯಕಾರಿ ಬಗೆ: ಸ್ರಾವವು ಅಲ್ಪವಾಗಿದ್ದರೂ ತೀವ್ರ ದುರ್ವಾಸನೆಯಿಂದ ಕೂಡಿರುತ್ತದೆ. ನಡುಕಿವಿಯಲ್ಲಿ ಚರ್ಮದ ಪದರಗಳು ಶೇಖರಗೊಂಡು ಗಡ್ಡೆಯಂತೆ ಬೆಳೆದು ಸುತ್ತಲಿನ ಮೂಳೆಯನ್ನು ಕೊರೆಯುತ್ತವೆ. ಇದನ್ನು ಕೊಲೆಸ್ಟಿಯಟೋಮ ಎನ್ನುತ್ತಾರೆ. ಚಿಕಿತ್ಸೆ ನೀಡದಿದ್ದಲ್ಲಿ ಮುಖದ ನರ ಬಲಹೀನವಾಗುವುದು, ಮಿದುಳಿನ ಪೊರೆಯ ಉರಿಯೂತ ಹಾಗೂ ಮಿದುಳಿನಲ್ಲಿ ಕೀವು ತುಂಬುವಂತಹ ಪ್ರಾಣಾಪಾಯದ ತೊಂದರೆಗಳು ಉಂಟಾಗಬಹುದು.

ಮಗುವಿನಲ್ಲಿ ಗಮನಿಸಬೇಕಾದ ಲಕ್ಷಣಗಳು

ಕಿವುಡುತನವು ಹೊರನೋಟಕ್ಕೆ ಕಾಣುವುದಿಲ್ಲ. ಕರೆದಾಗ ಮಗು ತಿರುಗದಿರುವುದು, ಶಾಲೆಯಲ್ಲಿ ಹೇಳಿದ್ದನ್ನು ಮತ್ತೆ ಮತ್ತೆ ಕೇಳುವುದು, ದೂರದರ್ಶನದ ಧ್ವನಿ ಹೆಚ್ಚಿಸುವುದು, ಉಕ್ತಲೇಖನದಲ್ಲಿ ಹೆಚ್ಚು ತಪ್ಪು ಮಾಡುವುದು ಮುಂತಾದವು ಮೊದಲ ಸೂಚನೆಗಳು. ಇಂತಹ ಮಗುವನ್ನು ದಡ್ಡ ಅಥವಾ ಹಟಮಾರಿ ಎಂದು ಹಿಂದಿನ ಬೆಂಚಿಗೆ ಕಳುಹಿಸಿದಲ್ಲಿ ಪಾಠವು ಮತ್ತಷ್ಟು ಕೇಳಿಸದಂತಾಗುತ್ತದೆ. ಶಿಕ್ಷಕರು ಅಂತಹ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಪಾಲಕರಿಗೆ ಪರೀಕ್ಷೆ ಮಾಡಿಸುವಂತೆ ತಿಳಿಸುವುದು ಅವಶ್ಯಕ.

ಚಿಕಿತ್ಸೆ

ಚಿಕಿತ್ಸೆಯ ಮೊದಲ ಹಂತ ಕಿವಿಯನ್ನು ಒಣಗಿಸುವುದು. ಸ್ವಚ್ಛವಾದ ಮೆತ್ತನೆಯ ಬಟ್ಟೆ ಅಥವಾ ಹತ್ತಿಯನ್ನು ಬತ್ತಿಯಂತೆ ಹೊಸೆದು ಕಿವಿಯ ದ್ವಾರದಲ್ಲಿಟ್ಟು, ಒದ್ದೆಯಾದ ಕೂಡಲೇ ತೆಗೆದು ಹೊಸ ಬತ್ತಿ ಇಡಬೇಕು. ಬತ್ತಿ ಒಣಗಿ ಹೊರಬರುವವರೆಗೆ ಇದನ್ನು ಮುಂದುವರಿಸಬೇಕು. ನಂತರ ವೈದ್ಯರು ಸೂಚಿಸಿದ ಹನಿ ಔಷಧಿಯನ್ನು ಹಾಕಬೇಕು. ಸೀಸೆಯನ್ನು ಅಂಗೈಯಲ್ಲಿ ಕೆಲಕಾಲ ಹಿಡಿದು ಬೆಚ್ಚಗೆ ಮಾಡಿಕೊಳ್ಳದಿದ್ದಲ್ಲಿ ತಣ್ಣನೆಯ ಹನಿಯಿಂದ ತಲೆಸುತ್ತು ಬರಬಹುದು. ಔಷಧಿ ಹಾಕಿದ ಬಳಿಕ ಕೆಲವು ನಿಮಿಷ ಮಗ್ಗುಲಾಗಿ ಮಲಗಿರಬೇಕು. ಸ್ರಾವ ನಿಂತಿತೆಂದು ಔಷಧಿಯನ್ನು ಮಧ್ಯದಲ್ಲಿಯೇ ನಿಲ್ಲಿಸಬಾರದು.

ಕಿವಿ ಒಣಗಿದ ನಂತರವೂ ತೂತು ಉಳಿದಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಮುಚ್ಚಬಹುದು. ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ತೆಗೆದ ತೆಳು ಪೊರೆಯನ್ನು ಸೂಕ್ಷ್ಮದರ್ಶಕದ ಸಹಾಯದಿಂದ ತಮಟೆಗೆ ಕಸಿ ಮಾಡಲಾಗುತ್ತದೆ. 1950ರ ದಶಕದ ಆರಂಭದಲ್ಲಿ ಜರ್ಮನಿಯ ವೈದ್ಯರಾದ ವುಲ್‌ಸ್ಟೈನ್ ಮತ್ತು ಜೋಲ್ನರ್ ಇವರು ಈ ಬಗೆಯ ಶಸ್ತ್ರಚಿಕಿತ್ಸೆಗೆ ತಳಹದಿ ಹಾಕಿದರು. ಅಪಾಯಕಾರಿ ಬಗೆಯಲ್ಲಿ ಹನಿ ಔಷಧಿಯಿಂದ ಗುಣವಾಗುವುದಿಲ್ಲ. ಕಿವಿಯ ಹಿಂಭಾಗದ ಮೂಳೆಯನ್ನು ಕೊರೆದು ರೋಗವನ್ನು ಸಂಪೂರ್ಣವಾಗಿ ತೆಗೆಯುವುದು ಅನಿವಾರ್ಯ. ಇಲ್ಲಿ ಕಿವಿಯನ್ನು ರೋಗಮುಕ್ತಗೊಳಿಸಿ ಪ್ರಾಣ ಕಾಪಾಡುವುದು ಮೊದಲ ಗುರಿ. ಶ್ರವಣ ಸುಧಾರಣೆ ಎರಡನೆಯದು.

ಸಂಶೋಧನೆಗಳು ಏನು ತಿಳಿಸುತ್ತವೆ?

ಮೇಲಿನ ಸಲಹೆಗಳು ಕೇವಲ ರೂಢಿಯಿಂದ ಬಂದವುಗಳಲ್ಲ. ಕೆನ್ಯಾ ದೇಶದ ಪ್ರಾಥಮಿಕ ಶಾಲೆಗಳ ಮಕ್ಕಳ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಕಿವಿ ಒರೆಸುವುದರೊಂದಿಗೆ ಔಷಧಿಯನ್ನೂ ನೀಡಿದ ಗುಂಪಿನಲ್ಲಿ 16 ವಾರಗಳ ನಂತರ ಶೇಕಡಾ 51ರಷ್ಟು ಮಕ್ಕಳಲ್ಲಿ ಸೋರುವಿಕೆ ನಿಂತಿತು. ಕೇವಲ ಒರೆಸಿದ ಗುಂಪಿನಲ್ಲಿ ಹಾಗೂ ಯಾವ ಚಿಕಿತ್ಸೆಯನ್ನೂ ನೀಡದ ಗುಂಪಿನಲ್ಲಿ ಇದು ಶೇಕಡಾ 22 ಮಾತ್ರ. ಅಂದರೆ ಒರೆಸುವುದು ಅವಶ್ಯಕವಾದರೂ ಅದೊಂದೇ ಸಾಲದು.

ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಹನಿ ಔಷಧಿಯಿಂದ ಶೇಕಡಾ 76ರಷ್ಟು, ಹಿಂದಿನಿಂದ ಬಳಕೆಯಲ್ಲಿದ್ದ ಮಿಶ್ರ ಹನಿ ಔಷಧಿಯಿಂದ ಶೇಕಡಾ 52ರಷ್ಟು ಮಕ್ಕಳು ಗುಣಮುಖರಾದರು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ಪರಾಮರ್ಶೆಯು ಸೋರುವಿಕೆ ನಿಲ್ಲಿಸಲು ನುಂಗುವ ಔಷಧಿಗಿಂತ ಈ ವರ್ಗದ ಹನಿ ಔಷಧಿಯೇ ಉತ್ತಮವೆಂದು ಕಂಡುಕೊಂಡಿತು. ನಂತರದ ಪರಾಮರ್ಶೆಗಳು ಲಭ್ಯವಿರುವ ಸಾಕ್ಷ್ಯವು ಇನ್ನೂ ದುರ್ಬಲವಾಗಿದೆಯೆಂದೂ, ಶ್ರವಣ ಶಕ್ತಿಯ ಮೇಲಿನ ದೀರ್ಘಕಾಲದ ಪರಿಣಾಮದ ಬಗ್ಗೆ ಹೆಚ್ಚಿನ ಅಧ್ಯಯನ ಅಗತ್ಯವೆಂದೂ ತಿಳಿಸಿವೆ. ಜೆಂಟಮೈಸಿನ್ ಮುಂತಾದ ಕೆಲವು ಔಷಧಿಗಳು ಒಳಕಿವಿಗೆ ಹಾನಿ ಮಾಡಬಹುದಾದ್ದರಿಂದ ಅಂಗಡಿಯಿಂದ ತಾವೇ ಹನಿ ಔಷಧಿ ತಂದು ಹಾಕುವುದು ಸೂಕ್ತವಲ್ಲ.

ಗ್ರಾಮಗಳಲ್ಲಿ ನಡೆಯುವ ಸಂಶೋಧನೆ ಎಷ್ಟು ಉಪಯುಕ್ತವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಬಗ್ಗೆ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಗ್ರಾಮಗಳಲ್ಲಿ 1,620 ಮಹಿಳೆಯರು ಪಾಲ್ಗೊಂಡ ಅಧ್ಯಯನ ನಡೆಯಿತು. ಮಾತ್ರೆಯನ್ನು ನೀಡಿದವರು ಆರೋಗ್ಯ ಸಹಾಯಕಿಯರು. ರಕ್ತಸ್ರಾವದ ಪ್ರಮಾಣವು ಶೇಕಡಾ 12ರಿಂದ 6.4ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಸಂಶೋಧನೆಯಲ್ಲಿ ಪಾಲ್ಗೊಳ್ಳುವವರ ಹಕ್ಕುಗಳು

ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ತೆರಳುವ ರೋಗಿಗಳನ್ನು ಸಂಶೋಧನೆಯಲ್ಲಿ ಭಾಗವಹಿಸಲು ಕೋರುವ ಸಂದರ್ಭ ಬರಬಹುದು. ಆಗ ಕೆಳಕಂಡ ಅಂಶಗಳು ತಿಳಿದಿರಬೇಕು.

1. ಅಧ್ಯಯನಕ್ಕೆ ನೀತಿ ಸಮಿತಿಯ ಅನುಮೋದನೆ ಕಡ್ಡಾಯ. ಔಷಧಿ ಪ್ರಯೋಗಗಳು 2019ರ ಹೊಸ ಔಷಧಿಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳಿಗೆ ಒಳಪಟ್ಟಿರುತ್ತವೆ.

2. ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿ ವ್ಯವಸ್ಥೆಯು 2007ರಲ್ಲಿ ಆರಂಭಗೊಂಡಿದ್ದು, 2009ರ ಜೂನ್ 15ರಿಂದ ಔಷಧಿ ಪ್ರಯೋಗಗಳ ನೋಂದಣಿ ಕಡ್ಡಾಯವಾಗಿದೆ. ಈ ವಿವರಗಳನ್ನು ಸಾರ್ವಜನಿಕರು ಉಚಿತವಾಗಿ ನೋಡಬಹುದು.

3. ಉದ್ದೇಶ, ಲಾಭ ಮತ್ತು ಅಪಾಯಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಗಡಿ ಭಾಗದ ರೋಗಿಗಳು ಚಿಕಿತ್ಸೆಗಾಗಿ ಮಿರಜ ಮುಂತಾದ ಕಡೆ ಹೋಗುವುದು ರೂಢಿಯಲ್ಲಿದ್ದು, ಅಲ್ಲಿಯೂ ಕನ್ನಡದಲ್ಲಿ ವಿವರಣೆ ಕೇಳಲು ಹಿಂಜರಿಯಬಾರದು. ಓದು ಬಾರದವರ ಸಂದರ್ಭದಲ್ಲಿ ನಿಷ್ಪಕ್ಷಪಾತ ಸಾಕ್ಷಿಯ ಸಮ್ಮುಖದಲ್ಲಿ ಒಪ್ಪಿಗೆ ಪಡೆಯಬೇಕು.

4. ಮಕ್ಕಳಿದ್ದಲ್ಲಿ ಪಾಲಕರ ಒಪ್ಪಿಗೆ ಅಗತ್ಯ. ಏಳು ವರ್ಷ ಮೀರಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು.

5. ನಿರಾಕರಿಸಲು ಅಥವಾ ಮಧ್ಯದಲ್ಲಿ ಹೊರಬರಲು ಪೂರ್ಣ ಸ್ವಾತಂತ್ರ್ಯವಿದೆ. ಇದರಿಂದ ಸಾಮಾನ್ಯ ಚಿಕಿತ್ಸೆಗೆ ಧಕ್ಕೆಯಾಗುವಂತಿಲ್ಲ. ಔಷಧಿ ಪ್ರಯೋಗದಿಂದ ಹಾನಿಯಾದಲ್ಲಿ ಉಚಿತ ಚಿಕಿತ್ಸೆ ಮತ್ತು ನಿಯಮಾನುಸಾರ ಪರಿಹಾರ ಪಡೆಯುವ ಹಕ್ಕಿದೆ.

ಲಭ್ಯವಿರುವ ಸೌಲಭ್ಯಗಳು

ರಾಷ್ಟ್ರೀಯ ಕಿವುಡುತನ ತಡೆಗಟ್ಟುವಿಕೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು 2007ರಲ್ಲಿ ದೇಶದ 25 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ ನಂತರ ವಿಸ್ತರಿಸಲಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳ ತಪಾಸಣೆ ನಡೆಯುತ್ತಿದ್ದು, ನಡುಕಿವಿಯ ಸೋಂಕು ಹಾಗೂ ಶ್ರವಣ ದೋಷಗಳೂ ಇದರ ವ್ಯಾಪ್ತಿಗೆ ಬರುತ್ತವೆ. ತಪಾಸಣೆಯ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳುಹಿಸಬೇಕು. ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಗತ್ಯವಿದ್ದಲ್ಲಿ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗುವುದು ಸರಿಯಾದ ಕ್ರಮ. ಮಾತು ಮತ್ತು ಶ್ರವಣ ದೋಷಗಳ ವಿವರವಾದ ಪರೀಕ್ಷೆ, ತರಬೇತಿ ಹಾಗೂ ಸಂಶೋಧನೆಗಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ಕಾರ್ಯನಿರ್ವಹಿಸುತ್ತಿದೆ.

ಪಾಲಿಸಬೇಕಾದ ಎಚ್ಚರಿಕೆಗಳು

* ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಎದೆಹಾಲು ಅಥವಾ ಸೊಪ್ಪಿನ ರಸ ಹಾಕಬಾರದು.
* ಕಡ್ಡಿ, ಪಿನ್ನು, ಹಕ್ಕಿಯ ಗರಿಗಳಿಂದ ಕಿವಿ ಕೆದಕಬಾರದು. ಜಾತ್ರೆ, ಸಂತೆಗಳಲ್ಲಿ ಕಿವಿ ಸ್ವಚ್ಛ ಮಾಡುವವರಿಂದ ಚಿಕಿತ್ಸೆ ಪಡೆಯಬಾರದು.
* ಕಿವಿ ಸೋರುವ ಮಕ್ಕಳು ಬಾವಿ, ಕಾಲುವೆ, ಹೊಳೆಯಲ್ಲಿ ಈಜಬಾರದು. ಸ್ನಾನದ ವೇಳೆ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಗೆ ಇಟ್ಟುಕೊಂಡು, ಸ್ನಾನದ ನಂತರ ತೆಗೆಯಬೇಕು.
* ಹಸುಗೂಸಿಗೆ ಮಲಗಿಸಿ ಹಾಲು ಕುಡಿಸದೆ, ತಲೆಯನ್ನು ಎತ್ತಿ ಹಿಡಿದು ಕುಡಿಸಬೇಕು.
* ಮನೆಯೊಳಗೆ ಬೀಡಿ, ಸಿಗರೇಟು ಸೇದಬಾರದು. ಹೊಗೆಯಿಂದ ಮಕ್ಕಳಲ್ಲಿ ನಡುಕಿವಿಯ ಸೋಂಕು ಹೆಚ್ಚುತ್ತದೆ.
* ಮಕ್ಕಳಿಗೆ ಎಲ್ಲ ಲಸಿಕೆಗಳನ್ನು ಸಕಾಲದಲ್ಲಿ ಹಾಕಿಸಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಕಿವಿ ಸೋರುವ ವ್ಯಕ್ತಿಗೆ ತೀವ್ರ ತಲೆನೋವು, ಜ್ವರ, ವಾಂತಿ, ತಲೆಸುತ್ತು, ಕಿವಿಯ ಹಿಂದೆ ಬಾವು, ಬಾಯಿ ಸೊಟ್ಟಗಾಗುವುದು, ಕತ್ತು ಬಿಗಿಯುವುದು, ಮಂಕು ಕವಿಯುವುದು ಅಥವಾ ಫಿಟ್ಸ್ ಕಂಡುಬಂದಲ್ಲಿ ಸೋಂಕು ಮಿದುಳಿನತ್ತ ಹರಡಿರುವ ಸಾಧ್ಯತೆ ಇರುತ್ತದೆ. ಇಂತಹ ಸಂದರ್ಭದಲ್ಲಿ 108 ಆಂಬುಲೆನ್ಸ್‌ಗೆ ಕರೆ ಮಾಡಿ, ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಮುಕ್ತಾಯ

ಕಿವಿ ಸೋರುವಿಕೆಯು ಶಾಪವೂ ಅಲ್ಲ, ಬೆಳೆಯುವ ವಯಸ್ಸಿನ ಸಹಜ ಲಕ್ಷಣವೂ ಅಲ್ಲ. ಅದೊಂದು ಚಿಕಿತ್ಸೆ ಇರುವ ರೋಗ. ಎರಡು ವಾರ ಮೀರಿದ ಸೋರುವಿಕೆಯನ್ನು ವೈದ್ಯರಿಗೆ ತೋರಿಸಿದಲ್ಲಿ ಮಗುವಿನ ಶ್ರವಣ, ಮಾತು ಮತ್ತು ವಿದ್ಯಾಭ್ಯಾಸ ಮೂರನ್ನೂ ಕಾಪಾಡಬಹುದಾಗಿದೆ. ಪಾಲಕರು, ಶಿಕ್ಷಕರು, ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರು ಈ ದಿಶೆಯಲ್ಲಿ ಸಹಕರಿಸಲು ಕೋರಲಾಗಿದೆ.