ಎಸ್. 795: ಅರೇಬಿಕಾದೊಳಗೆ ನೆಲೆಸಿದ ಲೈಬೀರಿಕಾ

ಮಲೆನಾಡಿನ ಕಾಫಿ ತೋಟಗಳ ಚರಿತ್ರೆಯನ್ನು ಎಲೆತುಕ್ಕು ರೋಗದ ಚರಿತ್ರೆಯೆಂದೂ ಬರೆಯಬಹುದು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಆ ರೋಗದ ಶಿಲೀಂಧ್ರ ಅಲ್ಲಿನ ಕಾಫಿಯನ್ನು ಅಳಿಸಿ ಚಹಾಕ್ಕೆ ದಾರಿ ಮಾಡಿತು. ಇಲ್ಲಿ ಅರೇಬಿಕಾದ ಹಳೆಯ ತಳಿ 'ಚಿಕ್' ಹೋಗಿ ಕೂರ್ಗ್ ಬಂತು, ಆಮೇಲೆ ಮೈಸೂರು ಸೀಮೆಯಲ್ಲಿ ಆಯ್ದ ಕೆಂಟ್ ಬಂತು. ಕೆಂಟ್ ಕೂಡ ಕ್ರಮೇಣ ಸೋತಿತು. ಶಿಲೀಂಧ್ರದಲ್ಲೇ ಬೇರೆ ಬೇರೆ ಪಂಗಡಗಳಿವೆ ಎಂದು ವಿಜ್ಞಾನಿ ಡಬ್ಲ್ಯು. ಡಬ್ಲ್ಯು. ಮೇಯ್ನ್ 1930ರ ದಶಕದಲ್ಲಿ ತೋರಿಸಿದ ಮೇಲೆ ಆ ಸೋಲಿನ ಕಾರಣ ತಿಳಿಯಿತು. ಅರೇಬಿಕಾದೊಳಗೇ ಆಯ್ಕೆ ಮಾಡುತ್ತ ಕೂತರೆ ಸಾಲದು, ಹೊರಗಿನ ರಕ್ತ ಬೇಕಿತ್ತು.

ಆದರೆ ಹೊರಗಿನದು ಒಳಗೆ ಬರುವುದು ಸುಲಭವಲ್ಲ. ಕೆನೆಫೋರಾ (ರೊಬಸ್ಟಾ) ಮತ್ತು ಯುಜೆನಿಯೋಯ್ಡಿಸ್ ಎಂಬ ಎರಡು ಪ್ರಭೇದಗಳ ಸಂಕರದಿಂದ ಹುಟ್ಟಿದ ಅರೇಬಿಕಾಗೆ 44 ವರ್ಣತಂತುಗಳು. ಲೈಬೀರಿಕಾ ಎಂಬ ಇನ್ನೊಂದು ಕಾಫಿ ಪ್ರಭೇದಕ್ಕೆ, ರೊಬಸ್ಟಾಗೆ 22. ಇವು ಕೂಡಿದರೆ ಸಾಮಾನ್ಯವಾಗಿ 33 ವರ್ಣತಂತುಗಳ ಗಿಡ ಹುಟ್ಟುತ್ತದೆ. ಅದರಲ್ಲಿ ಅನೇಕ ವರ್ಣತಂತುಗಳಿಗೆ ಜೋಡಿ ಸಿಗದೆ ಬೀಜ ಸರಿಯಾಗಿ ಕಟ್ಟುವುದಿಲ್ಲ. ಕರ್ನಾಟಕದ ತೋಟವೊಂದರಲ್ಲಿ ಸಿಕ್ಕ ಎಸ್. 26 ಅರೇಬಿಕಾ–ಲೈಬೀರಿಕಾಗಳ ಸಹಜ ಸಂಕರವೆಂದು ನಂಬಲಾಗಿದೆ. ಅದರ ಸಂತತಿಯೋ ಫಲವತ್ತಾಗಿತ್ತು. ಲೈಬೀರಿಕಾದ ತುಣುಕು ಅರೇಬಿಕಾದ ವರ್ಣತಂತುವಿನೊಳಗೆ ಸೇರಿಕೊಂಡದ್ದೇ ನನ್ನ ದೃಷ್ಟಿಯಲ್ಲಿ ನಿರ್ಣಾಯಕ: ಹಾಗೆ ಸೇರಿದ ಮೇಲೆ ಅದು ಪರಕೀಯವಾಗಿ ಉಳಿಯದೆ, ಅರೇಬಿಕಾದ ಸ್ವಂತ ಜೀನಿನಂತೆ ಜೋಡಿಯಾಗಿ ಪೀಳಿಗೆಯಿಂದ ಪೀಳಿಗೆಗೆ ಇಳಿಯತೊಡಗಿತು. ಎಸ್‌ಎಚ್3 ಎಂಬ ರೋಗನಿರೋಧಕ ಜೀನು ಬಂದದ್ದು ಹೀಗೆ.

ಇದೆಲ್ಲ ಆಕಸ್ಮಿಕ, ಬಾಳೆಹೊನ್ನೂರಿನ ಕಾಫಿ ಸಂಶೋಧಕರ ಹೆಗ್ಗಳಿಕೆ ಏನು ಎಂದು ಕೇಳಬಹುದು. ಸಂಕರ ಆಕಸ್ಮಿಕ, ನಿಜ. ಆದರೆ ಎಸ್. 26ರ ಸಂತತಿಯಾದ ಎಸ್. 288ರ ಕಾಳಿನಲ್ಲಿ ದೋಷಗಳಿದ್ದವು. ಅದನ್ನು ಕೆಂಟ್ ಜೊತೆ ಕೂಡಿಸಿ, ನಿರೋಧ ಉಳಿಸಿಕೊಂಡು ಕಾಳನ್ನು ತಿದ್ದಿ, 1940ರ ದಶಕದಲ್ಲಿ ಎಸ್. 795 ತಳಿಯನ್ನು ಕೊಟ್ಟದ್ದು ಮನುಷ್ಯರ ತಾಳ್ಮೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಮುಂದೆ ಹೊಸ ಪಂಗಡಗಳು ಈ ತಳಿಗೂ ತಗುಲಿದವಲ್ಲ? ತಗುಲಿದವು. ಕೆಲವೇ ಜೀನುಗಳನ್ನು ನಂಬಿದ ತಳಿಗೆ ಅದು ತಪ್ಪಿದ್ದಲ್ಲ. ಆದರೂ ಬೆಳೆಗಾರರು ಅದನ್ನು ಕೈಬಿಡಲಿಲ್ಲ. ಒಂದು ಕಾರಣವೆಂದರೆ, ಅರೇಬಿಕಾ ಸ್ವಪರಾಗಿ, ಅದರ ವರ್ಣತಂತುಗಳು ತಮ್ಮ ತಮ್ಮ ಜೋಡಿಯನ್ನೇ ಹುಡುಕಿಕೊಳ್ಳುತ್ತವೆ. ಹಾಗಾಗಿ ಬೀಜ ಬಿತ್ತಿದರೆ ಬಹುಮಟ್ಟಿಗೆ ತಾಯಿಯಂಥ ಗಿಡವೇ ಬರುತ್ತದೆ. ಪರಪರಾಗಿಯಾದ ರೊಬಸ್ಟಾಗೆ ಈ ಭಾಗ್ಯವಿಲ್ಲ. ಕಸಿಯ ಹಂಗಿಲ್ಲದೆ, ಸಾಧಾರಣ ನರ್ಸರಿಯ ಸಸಿಗಳಿಂದಲೇ ಎಸ್. 795 ಚಿಕ್ಕಮಗಳೂರು, ಕೊಡಗು, ಹಾಸನಗಳ ಸಣ್ಣ ಹಿಡುವಳಿಗಳಿಗೂ ಹರಡಿದ್ದು ಇದರಿಂದ.