ಲೋ ವಿಸಲ್ (ತಾಮ್ರದ ಕೊಳವೆಯದು)

ಐರಿಶ್ ಜನಪದ ಸಂಗೀತದ ಆರು ರಂಧ್ರಗಳ ನೇರ ಕೊಳಲು. ನಲ್ಲಿ ಕೆಲಸದ ತಾಮ್ರದ ಕೊಳವೆಯಿಂದ ಹವ್ಯಾಸಿಗಳು ಇದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ನಾದ ಟಿನ್ ವಿಸಲ್‌ಗಿಂತ ಒಂದು ಸ್ಥಾಯಿ ಕೆಳಗೆ. ಇದರ ಹುಟ್ಟಿಗೆ ಭಾರತದ ನಂಟೂ ಇದೆ: 1970ರ ದಶಕದ ಆರಂಭದಲ್ಲಿ ವಾದಕ ಫಿನ್‌ಬಾರ್ ಫ್ಯೂರಿಯ ಭಾರತೀಯ ಬಿದಿರು ಕೊಳಲು ಹಾಳಾದಾಗ, ಇಂಗ್ಲೆಂಡಿನ ಬರ್ನಾರ್ಡ್ ಓವರ್ಟನ್ ಅದರ ಬದಲಿಗೆ ಲೋಹದ್ದನ್ನು ಮಾಡಿಕೊಟ್ಟರು. ಅವರ ಕೊಳಲುಗಳು ಅಲ್ಯೂಮಿನಿಯಂನವು.

ಬ್ರಿಟನ್ನಿನಲ್ಲಿ ಸುಲಭವಾಗಿ ಸಿಗುವ 22 ಮಿ.ಮೀ. ಕೊಳವೆ ‘ಡಿ’ ಶ್ರುತಿಗೆ ಸರಿಹೊಂದುತ್ತದೆ. ಸುಮಾರು 294 ಹರ್ಟ್ಸ್‌ನ ಈ ಸ್ವರದ ಅರ್ಧ ತರಂಗಾಂತರ 58 ಸೆಂ.ಮೀ.; ತುದಿಯಾಚೆಗೂ ಗಾಳಿ ಕಂಪಿಸುವುದರಿಂದ ಕೊಳವೆ ಇದಕ್ಕಿಂತ ತುಸು ಗಿಡ್ಡವಿರಬೇಕು. ಮೊದಲು ಉದ್ದವಾಗಿಯೇ ಕತ್ತರಿಸಿ, ಊದಿ ನೋಡುತ್ತ ಸವೆಸುವುದು ಜಾಣತನ. ಕತ್ತರಿಸಿದ ಕೊಳವೆಯನ್ನು ಉದ್ದ ಮಾಡಲಾಗದು.

ಕಷ್ಟವೆಲ್ಲ ಬಾಯಿಯ ಭಾಗದ್ದು. ಮರದ ಅಥವಾ ಪ್ಲಾಸ್ಟಿಕ್ಕಿನ ಬಿರಡೆಯ ಮೇಲ್ಭಾಗವನ್ನು ಚಪ್ಪಟೆಯಾಗಿ ಉಜ್ಜಿ, ಉಸಿರಿಗೆ ತೆಳುವಾದ ಸಂದು ಬಿಡುತ್ತಾರೆ. ಅಲ್ಲಿಂದ ಹೊರಟ ಗಾಳಿ ಕಿಂಡಿ ದಾಟಿ, ಇಳಿಜಾರಾಗಿ ಅರ ಹಾಕಿದ ಅಲಗಿಗೆ ಬಡಿದು ಸೀಳಿದಾಗ ಸ್ವರ ಹೊರಡುತ್ತದೆ. ಅಲಗು ಕೂದಲೆಳೆಯಷ್ಟು ಮೇಲೆ ಕೆಳಗಾದರೂ ಬರೀ ಸುಯ್ಯೆನ್ನುವ ಸದ್ದು. ರಂಧ್ರಗಳನ್ನು ಕಿರಿದಾಗಿ ಕೊರೆದು, ಗುಂಡು ಅರದಿಂದ ಹಿಗ್ಗಿಸುತ್ತ ಶ್ರುತಿ ಏರಿಸುತ್ತಾರೆ. ತಣ್ಣನೆಯ ಕೊಳಲು ಇಳಿಶ್ರುತಿಯಲ್ಲಿರುವುದರಿಂದ, ಊದಿ ಬೆಚ್ಚಗಾದ ಮೇಲೆ ಪರೀಕ್ಷಿಸಬೇಕು.

ರಂಧ್ರಗಳ ಅಂತರ ಹೆಚ್ಚಿರುವ ಕಾರಣ ಅನೇಕರು ಬೆರಳ ತುದಿಯ ಬದಲು ನಡುಗೆಣ್ಣಿನಿಂದ ಮುಚ್ಚುತ್ತಾರೆ. ಬೆಸುಗೆ ಬೇಕಾದರೆ ಸೀಸವಿಲ್ಲದ್ದೇ ಆಗಬೇಕು, ತುಟಿ ತಾಗುವ ವಸ್ತುವಿದು. ತಾಮ್ರ ಅಲ್ಯೂಮಿನಿಯಂಗಿಂತ ಭಾರ, ಬೇಗ ಕಿಲುಬುಗಟ್ಟುತ್ತದೆ. ಆದರೂ ನಾದದ ಗುಣವನ್ನು ನಿರ್ಧರಿಸುವುದು ಲೋಹಕ್ಕಿಂತ ಹೆಚ್ಚಾಗಿ ಬಿರಡೆ ಮತ್ತು ಅಲಗಿನ ಅಚ್ಚುಕಟ್ಟು.